ಮಾತು ಮುಗಿದ ಮೇಲಿನ ದಣಿವು

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ಓದಿದೆ. ಶನಿವಾರ, ಭಾನುವಾರ ಎರಡೂ ದಿನ ಬೇಕಾದವರ ಜೊತೆಗೇ ಇದ್ದೆ, ಖುಷಿಯಾಗಿಯೇ ಇದ್ದೆ, ಆದರೂ ಈಗ ಯಾರ ಮುಖವೂ ಬೇಡ ಅನ್ನಿಸುತ್ತಿದೆ, ನನಗೇನಾಗಿದೆ ಅಂತ ಕೇಳಿದ್ದೀಯ. ಏನೂ ಆಗಿಲ್ಲ ಕಣೋ. ದಣಿದಿದ್ದೀಯ, ಅಷ್ಟೇ. ಅವರ ಮೇಲೆ ನಿನಗಿರುವ ಪ್ರೀತಿ ಒಂದಿಷ್ಟೂ ಕಡಿಮೆಯಾಗಿಲ್ಲ.

ಕೂತು ಮಾತಾಡಿದ್ದಕ್ಕೆ ಇಷ್ಟೊಂದು ಸುಸ್ತಾ ಅಂತ ನಾಚಿಕೆ ಬೇರೆ ಪಡುತ್ತಿದ್ದೀಯ. ಮಾತು ಹಗುರದ ಕೆಲಸ ಅಲ್ಲವೇ ಅಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 10 ಭಾಷೆಗಳ ಮಾತುಕತೆಯನ್ನು ಅಳೆದು ನೋಡಿದ್ದರು. ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವಿನ ಬಿಡುವು ಸುಮಾರು 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದರಲ್ಲೊಂದು ಪಾಲು. ಅಷ್ಟರೊಳಗೆ ಮಾತು ಹುಡುಕಿ ಬಾಯಿಗೆ ತರೋಕೆ ಆಗುವುದಿಲ್ಲ. ಹಾಗಾಗಿ ಎದುರಿನವರು ಹೇಳುತ್ತಿರುವಾಗಲೇ ಮಿದುಳು ಕೇಳಿಸಿಕೊಳ್ಳುತ್ತಾ, ಅವರು ಎಲ್ಲಿ ನಿಲ್ಲಿಸಬಹುದು ಅಂತ ಅಂದಾಜು ಮಾಡುತ್ತಾ, ಉತ್ತರವನ್ನೂ ಜೋಡಿಸಿಕೊಳ್ಳುತ್ತಿರುತ್ತದೆ. ಹೆಸರು ಮರೆಯಬಾರದು, ಇವರ ಮುಂದೆ ಆ ವಿಷಯ ಎತ್ತಬಾರದು ಅನ್ನೋ ಎಚ್ಚರ ಬೇರೆ. ಎರಡು ದಿನ ಪೂರ್ತಿ ಇದನ್ನೇ ಮಾಡಿದ್ದೀಯ!

ಗಂಟಲು ಕಟ್ಟಿದೆ ಅಂದೆಯಲ್ಲ, ಅದಕ್ಕೆ ಗದ್ದಲ ಕಾರಣವಿರಬಹುದು. ಸುತ್ತ ಸದ್ದು ಜಾಸ್ತಿಯಾದರೆ ನಮಗೇ ಗೊತ್ತಿಲ್ಲದೆ ದನಿ ಏರುತ್ತದೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ ಇದನ್ನು 1911ರಲ್ಲೇ ಬರೆದಿಟ್ಟಿದ್ದಾನೆ. ನೀರು ಕುಡಿ, ದನಿಗೆ ಬಿಡುವು ಕೊಡು.

ಇನ್ನು ವಿಶ್ರಾಂತಿಯ ಮಾತು. ಸೋಫಾದಲ್ಲಿ ಬಿದ್ದುಕೊಂಡು ಫೋನ್ ನೋಡುವುದನ್ನು ನಾನಂತೂ ವಿಶ್ರಾಂತಿ ಅನ್ನುವುದಿಲ್ಲ. ಗ್ರೂಪಿನಲ್ಲಿ ಅದೇ ಭಾನುವಾರದ ಫೋಟೋಗಳು ಬರುತ್ತಿರುತ್ತವೆ, ಒಂದೊಂದಕ್ಕೂ ಏನಾದರೂ ಹೇಳಬೇಕು. ಮೈ ಮಲಗಿದ್ದರೂ ಮನಸ್ಸು ಮಾತಾಡುತ್ತಲೇ ಇರುತ್ತದೆ ಅಲ್ವಾ? ನಿನಗೆ ಈಗ ಬೇಕಿರುವುದು ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಒಂದಷ್ಟು ಹೊತ್ತು. ಒಗೆದ ಬಟ್ಟೆಯ ರಾಶಿ ಇದ್ದರೆ ಮಡಚು. ಅಂಗಿಯ ಗುಂಡಿ ಹಾಕು, ಮಗುಚಿ ಹಾಸು, ತೋಳುಗಳನ್ನು ಬೆನ್ನ ಮೇಲೆ ತಂದು ಅಂಗೈಯಿಂದ ಸುಕ್ಕು ತೀಡು. ಕೈಗೆ ಕೆಲಸ ಇರುತ್ತದೆ, ಬಾಯಿಗೆ ಇರುವುದಿಲ್ಲ. ಬೇಡ ಅನ್ನಿಸಿದರೆ ಸುಮ್ನೆ ಕೂತಿರು, ಅದೂ ಸರಿಯೇ.

ಹಗಲು ನಿದ್ದೆ ಬಂದರೆ 20 ನಿಮಿಷ ಮಲಗು. ಸಂಜೆವರೆಗೂ ಮಲಗಿದರೆ ರಾತ್ರಿಯ ನಿದ್ದೆ ಕೆಡುತ್ತದೆ. ಬೆಳಿಗ್ಗೆ ಮಾಮೂಲಿ ಹೊತ್ತಿಗೇ ಎದ್ದು ಸ್ವಲ್ಪ ಬೆಳಕಿಗೆ ಹೋಗು.

ಮನೆಯವರಿಂದ ತಪ್ಪಿಸಿಕೊಂಡು ಓಡಾಡಬೇಡ. "ಒಂದು ಗಂಟೆ ನನ್ನ ಪಾಡಿಗೆ ಇರ್ತೀನಿ, ಆಮೇಲೆ ಬರ್ತೀನಿ" ಅಂತ ಬಾಯಿಬಿಟ್ಟು ಹೇಳು. ಹೇಳದೆ ಬಾಗಿಲು ಹಾಕಿಕೊಂಡರೆ ಅವರು ಏನೇನೋ ಅಂದುಕೊಳ್ಳುತ್ತಾರೆ. ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಒಂದು ಮಾತು ಮಾತ್ರ ಗಮನದಲ್ಲಿಡು. ಹಲವು ದಿನ ಹೀಗೆ ಬಿಡುವಾಗಿದ್ದ ಮೇಲೂ ಈ ಸುಸ್ತು ಹೋಗದಿದ್ದರೆ, ಇಷ್ಟದ ಕೆಲಸವೂ ಬೇಡ ಅನ್ನಿಸತೊಡಗಿದರೆ, ಅದು ಬೇರೆಯೇ ವಿಷಯ. ಆಗ ಡಾಕ್ಟರ ಹತ್ತಿರ ಹೋಗು. ಜೊತೆಗೆ ನಾನೂ ಬರುತ್ತೇನೆ.

ಈ ಪತ್ರಕ್ಕೆ ಉತ್ತರ ಬರೆಯಬೇಡ. ಮುಂದಿನ ವಾರ ನಾನೇ ಫೋನ್ ಮಾಡುತ್ತೇನೆ.

ನಿನ್ನ ಗೆಳೆಯ