ಹಳೆಯ ಫೋರ್ ವೀಲ್ ಕೊಳ್ಳುವ ಮುನ್ನ: ಡೀಸೆಲ್ಲೋ, ಪೆಟ್ರೋಲೋ?

ಮಾನ್ಯ ಸಂಪಾದಕರೇ,

ಕಾಫಿ ಕೊಯ್ಲು ಹತ್ತಿರ ಬಂದಂತೆ ನಮ್ಮ ಕೊಡಗಿನಲ್ಲಿ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಗಾಡಿಗಳ, ಅಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ತಲುಪುವ ಜೀಪಿನಂಥ ಗಾಡಿಗಳ ವಿಚಾರಣೆ ಜೋರಾಗುತ್ತದೆ. ಕೊಳ್ಳಲು ಹೊರಟವರು ಯಾರನ್ನು ಕೇಳಿದರೂ ಸಿಗುವ ಮೊದಲ ಉತ್ತರ ಒಂದೇ: ಬೆಟ್ಟದ ಊರಿಗೆ ಡೀಸೆಲ್ಲೇ ಆಗಬೇಕು, ಪೆಟ್ರೋಲ್ ಗಾಡಿ ಇಲ್ಲಿ ನಡೆಯುವುದಿಲ್ಲ. ನಾನೂ ಇದೇ ಮಾತನ್ನು ನಂಬಿ ಮೂರು ವರ್ಷಗಳ ಹಿಂದೆ ಒಂದು ಡೀಸೆಲ್ ಗಾಡಿಯನ್ನು ಕೊಂಡೆ. ಆ ಅನುಭವದಿಂದ ತಿಳಿದುಕೊಂಡ ಕೆಲವು ಸಂಗತಿಗಳನ್ನು ತಮ್ಮ ಪತ್ರಿಕೆಯ ಮೂಲಕ ಸಣ್ಣ ಬೆಳೆಗಾರರ ಮುಂದಿಡಲು ಈ ಪತ್ರವನ್ನು ಬರೆಯುತ್ತಿದ್ದೇನೆ.

ಹಿರಿಯರ ಮಾತು ಅವರ ಕಾಲಕ್ಕೆ ಖಂಡಿತ ಸರಿಯಾಗಿತ್ತು. ನಮ್ಮ ತಂದೆಯವರ ಬಳಿ ಇದ್ದ ಹಳೆಯ ಪೆಟ್ರೋಲ್ ಜೀಪು ಕಕ್ಕಡ ತಿಂಗಳ ಮಳೆಯಲ್ಲಿ ವಾರಕ್ಕೊಮ್ಮೆಯಾದರೂ ಮುನಿಸಿಕೊಳ್ಳುತ್ತಿತ್ತು. ಪೆಟ್ರೋಲ್ ಹೊತ್ತಿಸುವ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕೂತರೆ ಕಿಡಿ ಹುಟ್ಟುತ್ತಿರಲಿಲ್ಲ, ಅದನ್ನು ಬಿಚ್ಚಿ ಅಡುಗೆಮನೆಯ ಒಲೆಯ ಬಳಿ ಒಣಗಿಸಿದ ಮೇಲೆಯೇ ಗಾಡಿ ಹೊರಡುತ್ತಿತ್ತು. ಡೀಸೆಲ್ ಎಂಜಿನ್ನಿಗೆ ಕಿಡಿಯ ಹಂಗಿಲ್ಲ. ಗಾಳಿಯನ್ನು ಬಿಗಿಯಾಗಿ ಅದುಮಿದಾಗ ಹುಟ್ಟುವ ಬಿಸಿಯಲ್ಲೇ ಅದರ ಇಂಧನ ಹೊತ್ತಿಕೊಳ್ಳುತ್ತದೆ. ಆದುದರಿಂದ ಫ್ರಾನ್ಸಿನ ಪೂಜೋ ಕಂಪನಿಯ ಡೀಸೆಲ್ ಎಂಜಿನ್ನಿನ ಮಹೀಂದ್ರಾ ಜೀಪುಗಳು ಬಂದಾಗ ನಮ್ಮವರು ಅವನ್ನು ಕೈಹಿಡಿದದ್ದು, ಎಷ್ಟೋ ಮಂದಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡದ್ದು ಸಹಜವೇ ಆಗಿತ್ತು. ಆ ಎಂಜಿನ್ನುಗಳ ಪಂಪು, ನಾಜಲ್ ಎಲ್ಲವೂ ಯಾಂತ್ರಿಕವಾದುವು. ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ನೀರು ಹಾಯಿಸಲು ತೋಟದಲ್ಲಿ ತಂದಿಟ್ಟ ಬ್ಯಾರಲ್‌ನ ಡೀಸೆಲ್ಲನ್ನೇ ಸೋಸಿ ಹಾಕಿದರೂ ಅವು ಸಹಿಸಿಕೊಂಡು ಓಡುತ್ತಿದ್ದವು.

ಇಂದು ಮಾರಾಟಕ್ಕೆ ಬರುತ್ತಿರುವ ಡೀಸೆಲ್ ಗಾಡಿಗಳು ಆ ಜಾತಿಯವಲ್ಲ ಎಂಬುದನ್ನು ನಾವು ಇನ್ನೂ ಸರಿಯಾಗಿ ಮನಗಂಡಿಲ್ಲ. 2010ರಲ್ಲಿ ಬಂದ ಮಹೀಂದ್ರಾ ಥಾರ್ ಸಿಆರ್‌ಡಿಇ ಮಾದರಿಯಲ್ಲೇ ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರುಗಳಿಗೂ ಡೀಸೆಲ್ ಹಂಚುವ ಕಾಮನ್ ರೈಲ್ ವ್ಯವಸ್ಥೆಯಿತ್ತು. ಇದರಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಕೂದಲೆಳೆಗಿಂತ ಸೂಕ್ಷ್ಮ ಸಂದುಗಳುಳ್ಳ ಇಂಜೆಕ್ಟರುಗಳ ಮೂಲಕ ಹಾಯುತ್ತದೆ. ಬ್ಯಾರಲ್ ತಳದ ಒಂದಿಷ್ಟು ನೀರು ಅಥವಾ ಕಸ ಒಳಗೆ ಹೋದರೆ ಇಂಜೆಕ್ಟರುಗಳು ಕೆಡುತ್ತವೆ, ನಾಲ್ಕನ್ನೂ ಬದಲಿಸುವ ಖರ್ಚು ಹಲವು ಚೀಲ ಚೆರಿ ಕಾಫಿಯ ಬೆಲೆಗೆ ಸಮನಾಗುತ್ತದೆ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ ಮೇಲೆ ಇದರ ಜೊತೆಗೆ ಹೊಗೆಕೊಳವೆಯಲ್ಲಿ ಮಸಿಯನ್ನು ಸೋಸಿ ಹಿಡಿದಿಡುವ ಡಿಪಿಎಫ್ ಎಂಬ ಭಾಗವೂ ಸೇರಿಕೊಂಡಿದೆ. ಊರಿನ ಗಾಳಿಯ ದೃಷ್ಟಿಯಿಂದ ಅದು ಬೇಕಾದದ್ದೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹಿಡಿದಿಟ್ಟ ಮಸಿ ಆಗಾಗ ಸುಟ್ಟುಹೋಗಬೇಕು, ಸುಡಲು ಸುಮಾರು 600 ಡಿಗ್ರಿ ಶಾಖ ಬೇಕು, ಆ ಶಾಖ ನಿಲ್ಲಬೇಕಾದರೆ ಗಾಡಿ ಒಂದೇ ಹದದ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಎಡೆಬಿಡದೆ ಓಡಬೇಕು.

ನನ್ನ ಗಾಡಿ ಓಡುತ್ತಿದ್ದದ್ದು ಎಲ್ಲಿ? ಮನೆಯಿಂದ ತೋಟಕ್ಕೆ ನಾಲ್ಕು ಕಿಲೋಮೀಟರ್, ನಾಪೋಕ್ಲು ಪೇಟೆಗೆ ಏಳು ಕಿಲೋಮೀಟರ್, ಹದಿನೈದು ದಿನಕ್ಕೊಮ್ಮೆ ಮಡಿಕೇರಿ. ಎರಡನೆಯ, ಮೂರನೆಯ ಗೇರಿನಲ್ಲೇ ಮುಗಿದುಹೋಗುವ ದಾರಿಗಳಿವು. ಎಂಜಿನ್ ಬಿಸಿಯೇರುವ ಹೊತ್ತಿಗೆ ಊರು ಬಂದಿರುತ್ತದೆ. ಐದನೆಯ ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಮಸಿಯ ದೀಪ ಹೊತ್ತಿಕೊಂಡಿತು. ಗಾಡಿಯನ್ನು ಕುಶಾಲನಗರ ದಾಟಿಸಿ ಪಿರಿಯಾಪಟ್ಟಣದ ಕಡೆಯ ನೇರ ರಸ್ತೆಯಲ್ಲಿ ಓಡಿಸಿಕೊಂಡು ಬರುವಂತೆ ಮೆಕ್ಯಾನಿಕ್ ಸೂಚಿಸಿದರು. ಮಸಿ ಸುಡುವ ಒಂದೇ ಕಾರಣಕ್ಕಾಗಿ ಅರ್ಧ ದಿನ ಕಳೆದು, ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಿ ಮರಳಿದೆ. ಮುಂದಿನ ಮಳೆಗಾಲದ ಹೊತ್ತಿಗೆ ಹೀಗೆ ನಾಲ್ಕು ಬಾರಿ ಹೋಗಿಬಂದಾಗಿತ್ತು. ಮಸಿ ಸುಡಲೆಂದು ಎಂಜಿನ್ ತಾನಾಗಿ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ನಡುವೆ ಗಾಡಿ ನಿಲ್ಲಿಸಿದರೆ ಆ ಡೀಸೆಲ್ಲಿನ ಒಂದು ಪಾಲು ಆಯಿಲ್ ಜೊತೆ ಬೆರೆಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದನ್ನು ನಾನು ಕಣ್ಣಾರೆ ಕಂಡು ಗಾಬರಿಗೊಂಡದ್ದುಂಟು. ಗಾಡಿ ಮಾರಿದ ವ್ಯಾಪಾರಿಗೆ ನನ್ನ ಓಡಾಟದ ವಿವರವನ್ನೆಲ್ಲ ಮೊದಲೇ ತಿಳಿಸಿದ್ದೆ. ಈ ವಿಷಯವಾಗಿ ಅವರು ಒಂದು ಮಾತನ್ನೂ ಆಡಿರಲಿಲ್ಲ ಎಂಬ ನೋವು ಇಂದಿಗೂ ಇದೆ.

ಇನ್ನು ಉಳಿತಾಯದ ಲೆಕ್ಕ. ಪೆಟ್ರೋಲ್ ಲೀಟರಿಗೆ 102 ರೂಪಾಯಿ, ಡೀಸೆಲ್ 90 ರೂಪಾಯಿ ಎಂದು ಹಿಡಿಯೋಣ. ನಮ್ಮ ಏರಿಳಿತದ ದಾರಿಯಲ್ಲಿ ಪೆಟ್ರೋಲ್ ಗಾಡಿ ಲೀಟರಿಗೆ 9 ಕಿಲೋಮೀಟರ್, ಡೀಸೆಲ್ ಗಾಡಿ 12 ಕಿಲೋಮೀಟರ್ ಕೊಟ್ಟರೆ ಪ್ರತಿ ಕಿಲೋಮೀಟರಿಗೆ ಉಳಿಯುವುದು ನಾಲ್ಕು ರೂಪಾಯಿಗೂ ಸ್ವಲ್ಪ ಕಡಿಮೆ. ವರ್ಷಕ್ಕೆ 5,000 ಕಿಲೋಮೀಟರ್ ಓಡಿಸುವ ನನ್ನಂಥವನಿಗೆ ಇದು ಸುಮಾರು 19,000 ರೂಪಾಯಿ. ಒಂದೇ ಒಂದು ದೊಡ್ಡ ರಿಪೇರಿ ಬಂದರೆ ಎರಡು ಮೂರು ವರ್ಷಗಳ ಉಳಿತಾಯ ಒಮ್ಮೆಗೇ ಹೋಗುತ್ತದೆ. ಅದೇ ಮಾದರಿಯ ಹಳೆಯ ಡೀಸೆಲ್ ಗಾಡಿಗೆ ಕೊಳ್ಳುವಾಗಲೇ ತೆರುವ ಹೆಚ್ಚಿನ ಬೆಲೆಯನ್ನು ನಾನಿಲ್ಲಿ ಸೇರಿಸಿಯೇ ಇಲ್ಲ. ವರ್ಷಕ್ಕೆ 20,000 ಕಿಲೋಮೀಟರ್ ಓಡಿಸುವವರ ಲೆಕ್ಕವೇ ಬೇರೆ. ಅವರಿಗೆ ಉಳಿಯುವುದು 76,000 ರೂಪಾಯಿಗೂ ಮೇಲೆ, ಅಷ್ಟು ಓಡಾಟದಲ್ಲಿ ಡಿಪಿಎಫ್‌ನ ಮಸಿಯೂ ತಾನಾಗಿಯೇ ಸುಟ್ಟುಹೋಗುತ್ತದೆ. ಆದ್ದರಿಂದ ಬೆಟ್ಟವೋ ಬಯಲೋ ಎನ್ನುವುದಕ್ಕಿಂತ ಮೊದಲು, ವರ್ಷಕ್ಕೆ ಎಷ್ಟು ಓಡಿಸುತ್ತೇವೆ, ಒಂದೊಂದು ಸಲಕ್ಕೆ ಎಷ್ಟು ದೂರ ಹೋಗುತ್ತೇವೆ ಎಂಬುದನ್ನು ನಾವು ಕೇಳಿಕೊಳ್ಳಬೇಕೆಂದು ನನ್ನ ಖಚಿತ ಅಭಿಪ್ರಾಯ.

ಪೆಟ್ರೋಲ್ ಗಾಡಿ ಏರು ಹತ್ತುವುದಿಲ್ಲ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಮಾರುತಿ ಜಿಪ್ಸಿಯ 1,298 ಸಿಸಿ ಎಂಜಿನ್ ಕೊಡುವ ಟಾರ್ಕ್, ಅಂದರೆ ತಿರುಗಿಸುವ ಬಲ, 103 ನ್ಯೂಟನ್ ಮೀಟರ್, ಹಳೆಯ ಥಾರ್ ಸಿಆರ್‌ಡಿಇ ಕೊಡುವುದು 247. ಅಂಕಿಗಳನ್ನಷ್ಟೇ ನೋಡಿದರೆ ಹೋಲಿಕೆಯೇ ಬೇಡ ಎನಿಸುತ್ತದೆ. ಆದರೆ ಜಿಪ್ಸಿಯ ತೂಕ ಒಂದು ಟನ್ನಿನ ಆಸುಪಾಸು. ಫೋರ್ ವೀಲಿನ ಲೋ ಗೇರ್ ಹಾಕಿದಾಗ ಚಕ್ರಕ್ಕೆ ತಲುಪುವ ಬಲ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಮೂತಿ ಹಗುರವಾದ್ದರಿಂದ ಗದ್ದೆ ಬದಿಯ ಕೆಸರಿನಲ್ಲಿ ಅದು ಹೂತುಹೋಗುವುದೂ ಕಡಿಮೆ. ನಮ್ಮ ಭಾವನವರು ಹದಿನಾಲ್ಕು ವರ್ಷಗಳಿಂದ ಜಿಪ್ಸಿಯಲ್ಲೇ ತೋಟ ನೋಡಿಕೊಳ್ಳುತ್ತಿದ್ದಾರೆ, ಡೀಸೆಲ್ ಜೀಪು ಸಿಕ್ಕಿಬಿದ್ದ ಜಾಗದಿಂದ ಅದು ಹೊರಬಂದದ್ದನ್ನು ನಾನು ನೋಡಿದ್ದೇನೆ. 2020ರ ಥಾರ್‌ನ ಎರಡು ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವುದರಿಂದ ಏರಿನ ಚಿಂತೆಯೇ ಇಲ್ಲ, ಮಡಿಕೇರಿಯ ಎತ್ತರದ ತೆಳುಗಾಳಿಯೂ ಅದನ್ನು ಅಷ್ಟಾಗಿ ಬಾಧಿಸುವುದಿಲ್ಲ. ಟರ್ಬೊ ಇಲ್ಲದ ಜಿಪ್ಸಿಗೂ 2023ರಲ್ಲಿ ಬಂದ ಮಾರುತಿ ಜಿಮ್ನಿಗೂ ಅಲ್ಲಿ ಶಕ್ತಿ ಹತ್ತರಲ್ಲೊಂದು ಪಾಲಿನಷ್ಟು ಕುಗ್ಗುತ್ತದೆ. ಹತ್ತು ಹನ್ನೆರಡು ಚೀಲ ಹೇರಿಕೊಂಡು, ಹಿಂದೆ ಟ್ರೇಲರ್ ಕಟ್ಟಿ ಕಣಕ್ಕೆ ಸಾಗಿಸುವ ಕೆಲಸವಿದ್ದರೆ ಪೆಟ್ರೋಲ್ ಜಿಪ್ಸಿ ಬೇಡ ಎಂದೇ ನಾನೂ ಹೇಳುತ್ತೇನೆ.

ಇಳಿಜಾರಿನಲ್ಲಿ ಡೀಸೆಲ್ ಎಂಜಿನ್ನೇ ಗಾಡಿಯನ್ನು ಚೆನ್ನಾಗಿ ಹಿಡಿಯುತ್ತದೆ ಎಂಬ ನಂಬಿಕೆಯೂ ನಮ್ಮಲ್ಲಿದೆ. ಆದರೆ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಪೆಟ್ರೋಲ್ ಎಂಜಿನ್ನಿನ ಗಾಳಿದಾರಿ ಮುಚ್ಚಿಕೊಂಡು ಒಳಗೆ ನಿರ್ವಾತ ಉಂಟಾಗುತ್ತದೆ, ಆ ಎಳೆತವೇ ಗಾಡಿಯನ್ನು ತಡೆಯುತ್ತದೆ. ಡೀಸೆಲ್ಲಿನಲ್ಲಿ ಗಾಳಿದಾರಿ ಹಾಗೆ ಮುಚ್ಚಿಕೊಳ್ಳುವುದಿಲ್ಲ. ಮಾಂದಲಪಟ್ಟಿ ಬೆಟ್ಟದ ಇಳುಕಲಿನಲ್ಲಿ ಜೀಪುಗಳನ್ನು ಕಾಪಾಡುವುದು ಲೋ ಗೇರ್ ಮತ್ತು ಚಾಲಕರ ಪಳಗಿದ ಕಾಲು. ತೊರೆ ದಾಟುವವರು ಇನ್ನೊಂದನ್ನು ನೆನಪಿಡಬೇಕು: ಗಾಳಿಯ ಬಾಯಿಂದ ನೀರು ಒಳಗೆ ಎಳೆದುಕೊಂಡರೆ ಯಾವ ಎಂಜಿನ್ನೂ ಉಳಿಯುವುದಿಲ್ಲ, ಹೆಚ್ಚು ಬಿಗಿಯಾಗಿ ಅದುಮುವ ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬೇಗನೆ ಬಾಗುತ್ತದೆ.

ಪೆಟ್ರೋಲ್ ಗಾಡಿಗೆ ಈಗ ಅದರದೇ ಆದ ತೊಡಕು ಬಂದಿದೆ. ಬಂಕುಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥನಾಲ್ ಇದೆ, ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು. ಭಾಗಮಂಡಲದ ಸುತ್ತಿನಂಥ ಜಡಿಮಳೆಯ ಜಾಗದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ತೇವ ಸೇರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳೂ ಕಾರ್ಬುರೇಟರ್‌ನ ಗ್ಯಾಸ್ಕೆಟ್‌ಗಳೂ ಬೇಗ ಸವೆಯುತ್ತವೆ. ಹಳೆಯ ಜಿಪ್ಸಿ ಕೊಂಡವರು ಪೈಪುಗಳನ್ನು ಮೊದಲೇ ಬದಲಿಸಿ, ಮಳೆಗಾಲದಲ್ಲಿ ಟ್ಯಾಂಕನ್ನು ತುಂಬಿಸಿಡುವುದು ಒಳ್ಳೆಯದು.

ಹಳೆಯ ಯಾಂತ್ರಿಕ ಡೀಸೆಲ್ ಜೀಪನ್ನೇ ಹುಡುಕುವವರಿಗೆ ಒಂದು ಎಚ್ಚರಿಕೆ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ಟಿನೊಳಗೆ ಡೀಸೆಲ್ ಎಂಜಿನ್ ಕೂತಿರುವ ಜೀಪುಗಳು ನಮ್ಮಲ್ಲಿ ಕಡಿಮೆಯಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಇಂಥ ಬದಲಾವಣೆ ದಾಖಲಾಗಿರಬೇಕು. ಆಗಿಲ್ಲದಿದ್ದರೆ 15 ವರ್ಷ ಮುಗಿದ ಗಾಡಿಯ ನೋಂದಣಿ ನವೀಕರಣದ ದಿನ ತೊಂದರೆಯಾಗುತ್ತದೆ, ಅಪಘಾತವಾದರೆ ವಿಮೆಯ ಹಣಕ್ಕೂ ಕುತ್ತು ಬರುತ್ತದೆ. ಎಂಜಿನ್ ಮತ್ತು ಚಾಸಿ ನಂಬರನ್ನು ಸ್ವತಃ ಓದಿ ಆರ್‌ಸಿಯೊಡನೆ ಹೋಲಿಸದೆ ಮುಂಗಡ ಕೊಡಬಾರದು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಬಂದ ನಿರ್ಬಂಧದಿಂದಾಗಿ ಅಗ್ಗದ ಬೆಲೆಗೆ ಇತ್ತ ಬರುವ ಗಾಡಿಗಳಿಗೂ ಅಲ್ಲಿನ ಸಾರಿಗೆ ಕಚೇರಿಯ ಎನ್‌ಒಸಿ, ಇಲ್ಲಿನ ರಸ್ತೆ ತೆರಿಗೆ, ಮರುನೋಂದಣಿ ಸೇರಿಸಿ ಲೆಕ್ಕ ಹಾಕಿದರೆ ಆ ಅಗ್ಗ ಎಷ್ಟು ಉಳಿಯುತ್ತದೆ ಎಂಬುದು ತಿಳಿಯುತ್ತದೆ.

ಗಾಡಿ ನೋಡಲು ಬೆಳಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಬಾನೆಟ್ ಮೊದಲೇ ಬೆಚ್ಚಗಿದ್ದರೆ ಬೇರೊಂದು ದಿನ ಬರುವುದಾಗಿ ಹೇಳಬೇಕು. ಸ್ಟಾರ್ಟ್ ಮಾಡಿದ ಮೇಲೆ ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಆಯಿಲ್ ಮುಚ್ಚಳ ತೆಗೆದಾಗ ಡೀಸೆಲ್ ಎಂಜಿನ್ನಿನಿಂದ ಬುಸುಬುಸು ಹೊಗೆ ಬಂದರೆ, ನಮ್ಮ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುವ ಆ ಲಕ್ಷಣ ಕಂಡರೆ, ಎಂಜಿನ್ ಬಿಚ್ಚಿ ಸಿಲಿಂಡರ್ ಸರಿಪಡಿಸುವ ಬೋರ್ ಕೆಲಸ ಹತ್ತಿರದಲ್ಲಿದೆ ಎಂದರ್ಥ. ಬಿಎಸ್-6 ಡೀಸೆಲ್ ಆದರೆ ಡಿಪಿಎಫ್ ಇನ್ನೂ ಅಲ್ಲೇ ಇದೆಯೇ, ಕಿತ್ತು ಖಾಲಿ ಕೊಳವೆ ಬೆಸುಗೆ ಹಾಕಿದ್ದಾರೆಯೇ ಎಂಬುದನ್ನು ಗಾಡಿಯ ಅಡಿಯಲ್ಲಿ ಮಲಗಿಯೇ ನೋಡಬೇಕು. ಕಿತ್ತು ಓಡಿಸುವುದು ಕಾನೂನುಬಾಹಿರ.

ಇಷ್ಟನ್ನೆಲ್ಲ ಪ್ರತಿಯೊಬ್ಬ ಬೆಳೆಗಾರನೂ ತಾನೇ ಪರೀಕ್ಷಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದಾಗ ರೋಗಿಗಳನ್ನೂ ವೃದ್ಧರನ್ನೂ ಹೊರತಂದದ್ದು ಇಂಥ ಗಾಡಿಗಳೇ; ಒಳನಾಡಿನ ಮನೆಗಳಿಗೆ ಫೋರ್ ವೀಲ್ ಶೋಕಿಯ ವಸ್ತುವಲ್ಲ. ನಮ್ಮ ಬೆಳೆಗಾರರ ಸಂಘಗಳು ಕುಶಾಲನಗರದ ಎಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಗಳ ನೆರವು ಪಡೆದು, ವರ್ಷಕ್ಕೊಮ್ಮೆ ಕೊಯ್ಲಿಗೆ ಮುನ್ನ ಹಳೆಯ ಗಾಡಿಗಳ ತಪಾಸಣಾ ಶಿಬಿರ ನಡೆಸಬೇಕೆಂದು ಕೋರುತ್ತೇನೆ. ಮಾರುವವರು ಡಿಪಿಎಫ್, ಇಂಜೆಕ್ಟರ್, ಎಂಜಿನ್ ಬದಲಾವಣೆಯ ವಿವರಗಳನ್ನು ಬರೆದು ಸಹಿ ಮಾಡಿ ಕೊಡುವ ಪದ್ಧತಿಯನ್ನು ಅಲ್ಲಿಂದಲೇ ಆರಂಭಿಸಬಹುದು.

ನನ್ನ ಡೀಸೆಲ್ ಗಾಡಿಯನ್ನು ಕಳೆದ ತಿಂಗಳು ವಾರದಲ್ಲಿ ಮೂರು ದಿನ ಮೈಸೂರಿಗೆ ಹೋಗಿಬರುವ ಒಬ್ಬರಿಗೆ ಮಾರಿದೆ. ಮಸಿಯ ದೀಪ ಹೊತ್ತಿಕೊಂಡ ದಿನಾಂಕಗಳನ್ನೂ ರಿಪೇರಿಯ ಬಿಲ್ಲುಗಳನ್ನೂ ಒಂದು ಕಡತದಲ್ಲಿ ಜೋಡಿಸಿ, ಬೆಲೆ ಮಾತನಾಡುವ ಮೊದಲೇ ಅವರ ಕೈಗೆ ಕೊಟ್ಟೆ. ಅವರು ಓದಿ ನೋಡಿ ಹದಿನೈದು ಸಾವಿರ ಕಡಿಮೆ ಮಾಡಿಸಿಕೊಂಡರು, ನಾನು ಒಪ್ಪಿದೆ. ಈಗ ಒಂದು ಪೆಟ್ರೋಲ್ ಜಿಪ್ಸಿಯನ್ನು ಹುಡುಕುತ್ತಿದ್ದೇನೆ.

ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ
ನಾಪೋಕ್ಲು, ಕೊಡಗು