ನೆಟ್‌ವರ್ಕ್ ಇಲ್ಲದ ಕಡೆಯೂ ದಾರಿ ತೋರಿಸುತ್ತದೆ ಎಂದು ಮಾರಿದ ನ್ಯಾವಿಗೇಟರ್ ಬಗ್ಗೆ ದೂರು

ಸಾಗರ, ಶಿವಮೊಗ್ಗ ಜಿಲ್ಲೆ
ದಿನಾಂಕ: 18 ನವೆಂಬರ್ 2025

ಇವರಿಗೆ,
ಗ್ರಾಹಕರ ದೂರು ಪರಿಹಾರ ಅಧಿಕಾರಿಗಳು,
ಕಾರ್ ನ್ಯಾವಿಗೇಟರ್ ವಿಭಾಗ

ವಿಷಯ: ನಿಮ್ಮ ವೆಬ್‌ಸೈಟ್‌ನಲ್ಲಿ 9,499 ರೂಪಾಯಿಗೆ ಕೊಂಡ ಕಾರ್ ನ್ಯಾವಿಗೇಟರ್ ಹೇಳಿದಂತೆ ಕೆಲಸ ಮಾಡದಿರುವುದು, ಮತ್ತು ಹಣ ವಾಪಸ್ ಕೇಳಿ.

ಮಾನ್ಯರೇ,

ನಾನು ಸಾಗರದಲ್ಲಿ ಇಪ್ಪತ್ತೊಂದು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ಗಾಡಿ ನನ್ನದೇ. ಸಾಲದ ಕಂತು ಇನ್ನೂ ಎರಡು ವರ್ಷ ಇದೆ. ಜೋಗ, ಸಿಗಂದೂರು, ಕೊಲ್ಲೂರು, ಇಕ್ಕೇರಿ ಕಡೆಗೆಲ್ಲ ನನಗೆ ಮ್ಯಾಪ್ ಬೇಕಿಲ್ಲ. ಆದರೆ ಈಗ ಬಾಡಿಗೆ ಬರುವುದು ಬೇರೆ ಥರ. ಚಿಕ್ಕಮಗಳೂರು, ಕೊಡಗು, ವಯನಾಡ್ ಕಡೆ ಕಾಫಿ ತೋಟದೊಳಗಿನ ಹೋಮ್‌ಸ್ಟೇಗೆ ಬಿಡಿ ಅನ್ನುತ್ತಾರೆ. ಆ ದಾರಿಗಳಲ್ಲಿ ಬೋರ್ಡ್ ಇರುವುದಿಲ್ಲ. ರಾತ್ರಿ ಕೇಳೋಣ ಎಂದರೆ ಜನವೂ ಇರುವುದಿಲ್ಲ. ಎಷ್ಟೋ ಕಡೆ ಮೊಬೈಲ್ ನೆಟ್‌ವರ್ಕ್ ಕೂಡ ಇಲ್ಲ. ಅದಕ್ಕೇ ನಿಮ್ಮ ನ್ಯಾವಿಗೇಟರ್ ಕೊಂಡೆ.

ಸುಮ್ನೆ ಜಾಹೀರಾತು ನೋಡಿ ಕೊಂಡವನಲ್ಲ ನಾನು. ಎರಡು ತಿಂಗಳು ವಿಚಾರಿಸಿದ್ದೇನೆ. ನನ್ನ ಹಳೆ ಫೋನ್ 2 ಜಿಬಿ ರ‍್ಯಾಮ್‌ನದು. ಬಿಸಿಲಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಕಾದು ಆಫ್ ಆಗುತ್ತಿತ್ತು. ಅದರಲ್ಲೇ ಬಾಡಿಗೆಯವರ ಕಾಲ್ ಬರಬೇಕು, ಅದರಲ್ಲೇ ಮ್ಯಾಪ್ ನೋಡಬೇಕು. ಸರ್ಕಲ್‌ನಲ್ಲಿ ಬಲಕ್ಕೋ ಎಡಕ್ಕೋ ಎಂದು ನೋಡುವ ಹೊತ್ತಿಗೆ ಸರಿಯಾಗಿ ಕಾಲ್ ಬಂದು ಮ್ಯಾಪ್ ಮುಚ್ಚಿಕೊಳ್ಳುತ್ತಿತ್ತು. 2020ರ ಅಕ್ಟೋಬರ್‌ನಿಂದ ಬಂದ ನಿಯಮದಂತೆ ಗಾಡಿ ಓಡಿಸುವಾಗ ಫೋನನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಗಮನ ಕೆಡದ ಹಾಗೆ. ಹಾಗಾಗಿ ದಾರಿಗೇ ಒಂದು ಬೇರೆ ಸಾಧನ ಇರಲಿ ಎಂದುಕೊಂಡೆ. ನನ್ನ ಮಿತಿ ಹತ್ತು ಸಾವಿರ ರೂಪಾಯಿ.

ನನ್ನ ಮುಂದೆ ಮೂರು ದಾರಿ ಇದ್ದವು. ಶಿವಮೊಗ್ಗದ ಅಂಗಡಿಯಲ್ಲಿ ಆಂಡ್ರಾಯ್ಡ್ ಸ್ಟೀರಿಯೊ ನೋಡಿದೆ. ಅದರ ಡಬ್ಬದ ಮೇಲೆ 4 ಜಿಬಿ ಅಂತ ಇತ್ತು. ಅಂಗಡಿಯವರೇ ಮೆಲ್ಲಗೆ, "ಅಣ್ಣಾ, ಒಳಗೆ ಅಷ್ಟು ಇರಲ್ಲ, ಹಾಡು ಕೇಳೋಕೆ ಮಾತ್ರ ತಗೊಳ್ಳಿ" ಎಂದರು. ಅವರು ನಿಜ ಹೇಳಿದ್ದಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಗೌರವ ಇದೆ. ಎರಡನೆಯದು, ಹೊಸದೊಂದು ಅಗ್ಗದ ಫೋನ್ ಕೊಂಡು, ಸ್ಟ್ಯಾಂಡ್‌ಗೆ ಸಿಕ್ಕಿಸಿ, ದಾರಿಗೆ ಮಾತ್ರ ಇಟ್ಟುಕೊಳ್ಳುವುದು. ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾಳೆ. ಅವಳು ಇದನ್ನೇ ಹೇಳಿದಳು. ಆದರೆ ದಿಕ್ಸೂಚಿ ಸೆನ್ಸರ್ ಇದೆಯಾ ನೋಡಿ ಕೊಳ್ಳಿ ಎಂದಳು. ಎಷ್ಟೋ ಅಗ್ಗದ ಫೋನ್‌ಗಳಲ್ಲಿ ಅದನ್ನು ಬಿಟ್ಟಿರುತ್ತಾರಂತೆ. ಆಗ ಗಾಡಿ ನಿಂತಿದ್ದಾಗ ಬಾಣದ ಗುರುತು ಯಾವ ಕಡೆ ಮುಖ ಮಾಡಿದೆ ಎಂದೇ ಗೊತ್ತಾಗುವುದಿಲ್ಲ. ಮೂರನೆಯದು ನಿಮ್ಮ ನ್ಯಾವಿಗೇಟರ್.

ನಾನು ನಿಮ್ಮದನ್ನೇ ಆರಿಸಿದ್ದು ಮೂರು ಮಾತಿಗೆ. ಆ ಮೂರೂ ನಿಮ್ಮ ಡಬ್ಬದ ಮೇಲೆ ಇವೆ. ಫೋಟೊ ಲಗತ್ತಿಸಿದ್ದೇನೆ. "ನೆಟ್‌ವರ್ಕ್ ಇಲ್ಲದಿದ್ದರೂ ಪೂರ್ತಿ ದಾರಿ." "ಜೀವನಪೂರ್ತಿ ಉಚಿತ ಮ್ಯಾಪ್ ಅಪ್‌ಡೇಟ್." "ನಾವಿಕ್ ಇದೆ." ನಾವಿಕ್ ಅಂದರೆ ಜಿಪಿಎಸ್ ಥರವೇ ಉಪಗ್ರಹದಿಂದ ಜಾಗ ತಿಳಿಸುವ ವ್ಯವಸ್ಥೆ, ಅದು ನಮ್ಮ ಇಸ್ರೋದ್ದು ಎಂಬ ಅಭಿಮಾನವೂ ನನಗಿತ್ತು. ಅದಕ್ಕೂ ಸೇರಿ ದುಡ್ಡು ಕೊಟ್ಟೆ. ಸೆಪ್ಟೆಂಬರ್ 6ರಂದು ಆರ್ಡರ್ ಮಾಡಿದೆ. 11ಕ್ಕೆ ಮನೆಗೆ ಬಂತು.

ಮೊದಲ ಅನುಮಾನ ಬಂದದ್ದು ನಮ್ಮ ಊರಿನಲ್ಲೇ. ದಸರಾಕ್ಕೆ ಮುಂಚೆ ಒಂದು ಪಾರ್ಟಿಯನ್ನು ಸಿಗಂದೂರಿಗೆ ಕರೆದುಕೊಂಡು ಹೊರಟಿದ್ದೆ. ದಾರಿ ನನಗೆ ಗೊತ್ತು, ಆದರೂ ಹೊಸ ಸಾಧನ ಅಲ್ವಾ ಎಂದು ಆನ್ ಮಾಡಿಟ್ಟೆ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗಿದೆ. ಈ ವರ್ಷ ಜುಲೈ 14ರಂದು ಉದ್ಘಾಟನೆ ಆಯಿತು. ಉದ್ದ 2.44 ಕಿಲೋಮೀಟರ್. ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ಆಗಿನಿಂದ ಆಚೆ ದಡದ ತುಮರಿ ಕಡೆಯ ಜನ ಲಾಂಚ್ ಕಾದು ಕಾದು ಸುಸ್ತಾಗಿದ್ದರು. ರಾತ್ರಿ ಹೆರಿಗೆ ನೋವು ಬಂದರೆ ಏನು ಗತಿ ಎಂದು ಹೆದರುತ್ತಿದ್ದರು. ಈ ಸೇತುವೆ ನಮಗೆ ಬರೀ ರಸ್ತೆ ಅಲ್ಲ. ಅದು ನಿಮ್ಮ ಮ್ಯಾಪ್‌ನಲ್ಲಿ ಇರಲೇ ಇಲ್ಲ. ಸೇತುವೆ ಮೇಲೆ ಗಾಡಿ ಹೋಗುವಾಗ ಪರದೆಯಲ್ಲಿ ಬಾಣದ ಗುರುತು ನೀರಿನ ನೀಲಿ ಬಣ್ಣದ ಮೇಲೆ ಹೋಗುತ್ತಿತ್ತು. "ಹಿಂದಕ್ಕೆ ತಿರುಗಿ, ಲಾಂಚ್ ಹತ್ತಿ" ಎಂದು ಮತ್ತೆ ಮತ್ತೆ ಹೇಳುತ್ತಿತ್ತು. ಹೊರಗಿನ ಊರಿನ ಚಾಲಕ ಇದನ್ನು ನಂಬಿದ್ದರೆ ಲಾಂಚ್ ಕಟ್ಟೆಯಲ್ಲಿ ಹೋಗಿ ನಿಲ್ಲುತ್ತಿದ್ದ.

ಸೇತುವೆ ಹೊಸದು, ಇರಲಿ, ಅಪ್‌ಡೇಟ್ ಮಾಡಿದರೆ ಬರುತ್ತದೆ ಎಂದುಕೊಂಡೆ. ಮನೆಗೆ ಬಂದು ವೈಫೈಗೆ ಹಾಕಿದೆ. ಅಪ್‌ಡೇಟ್ ಬಟನ್ ಒತ್ತಿದರೆ ವರ್ಷಕ್ಕೆ 1,499 ರೂಪಾಯಿ ಕಟ್ಟಿ ಎಂದು ಬಂತು. ನಿಮ್ಮ ಗ್ರಾಹಕ ಸೇವೆಗೆ ಫೋನ್ ಮಾಡಿದೆ. "ಉಚಿತ ಅಂದರೆ ಸಾಫ್ಟ್‌ವೇರ್ ಮಾತ್ರ ಸರ್, ಮ್ಯಾಪ್ ಡೇಟಾ ಬೇರೆ" ಎಂದರು. ಡಬ್ಬದ ಮೇಲೆ ಇರುವುದು "ಮ್ಯಾಪ್ ಅಪ್‌ಡೇಟ್" ಎಂಬ ಮಾತು. ಅದಕ್ಕೆ ಬೇರೆ ಅರ್ಥ ಇದ್ದರೆ ಅಲ್ಲೇ ಬರೆಯಬೇಕಿತ್ತು.

ಇಷ್ಟಾಗಿದ್ದರೆ ನಾನು ಬೈದುಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ಅಕ್ಟೋಬರ್ 11ರ ರಾತ್ರಿ ನಡೆದದ್ದನ್ನು ಹಾಗೆ ಬಿಡಲು ಆಗುವುದಿಲ್ಲ.

ಅವತ್ತು ಹುಬ್ಬಳ್ಳಿಯ ಒಂದು ಕುಟುಂಬವನ್ನು ಕಳಸದ ಹತ್ತಿರದ ಹೋಮ್‌ಸ್ಟೇಗೆ ಬಿಡಬೇಕಿತ್ತು. ಗಂಡ, ಹೆಂಡತಿ, ಮೂರು ವರ್ಷದ ಮಗು, ಸಕ್ಕರೆ ಕಾಯಿಲೆ ಇರುವ ಅಜ್ಜಿ. ತೀರ್ಥಹಳ್ಳಿ, ಕೊಪ್ಪ ದಾಟುವ ಹೊತ್ತಿಗೆ ಕತ್ತಲಾಯಿತು. ಜಯಪುರ ಬಿಟ್ಟ ಮೇಲೆ ಫೋನ್‌ನಲ್ಲಿ ನೆಟ್‌ವರ್ಕ್ ಹೋಯಿತು. ಹೋಗಲಿ ಬಿಡು, ಅದಕ್ಕೇ ತಾನೆ ಈ ನ್ಯಾವಿಗೇಟರ್ ಇರುವುದು ಎಂದು ಧೈರ್ಯದಲ್ಲಿದ್ದೆ. ಸ್ವಲ್ಪ ದೂರಕ್ಕೆ ನಿಮ್ಮ ಪರದೆಯ ಮೇಲಿನ ರಸ್ತೆಗಳೇ ಮಾಯವಾದವು. ಬರೀ ಬೂದಿ ಬಣ್ಣ. ಆಮೇಲೆ ಬಾಣದ ಗುರುತು ನಿಂತೇ ಹೋಯಿತು. ಗಾಡಿ ಓಡುತ್ತಿದೆ, ಅದು ಅಲ್ಲೇ ಇದೆ. ಆದರೂ ಅದೇ ಧ್ವನಿಯಲ್ಲಿ "ಎಡಕ್ಕೆ ತಿರುಗಿ" ಎಂದು ಹೇಳಿತು. ನಾನು ತಿರುಗಿದೆ.

ಅದು ಯಾರದೋ ತೋಟದ ರಸ್ತೆ. ಒಂದೂವರೆ ಕಿಲೋಮೀಟರ್ ಹೋದ ಮೇಲೆ ಬೀಗ ಹಾಕಿದ ಗೇಟು. ಮಳೆ ಶುರುವಾಗಿತ್ತು. ಗಾಡಿ ತಿರುಗಿಸಲು ಜಾಗ ಇಲ್ಲ, ಒಂದು ಕಡೆ ಚರಂಡಿ, ಇನ್ನೊಂದು ಕಡೆ ಇಳಿಜಾರು. ಆ ಕತ್ತಲಲ್ಲಿ ಮಗುವಿನ ಅಪ್ಪ ಇಳಿದು ಟಾರ್ಚ್ ಹಿಡಿದರು, ನಾನು ಇಂಚಿಂಚೇ ಹಿಂದಕ್ಕೆ ತಂದೆ. ಒಳಗೆ ಅಜ್ಜಿಗೆ ಊಟದ ಹೊತ್ತು ಮೀರಿ ಕೈ ನಡುಗುತ್ತಿತ್ತು. ಅವರ ಸೊಸೆ ಬ್ಯಾಗಿನಿಂದ ಬಿಸ್ಕತ್ತು ತೆಗೆದು ತಿನ್ನಿಸಿದರು. ಇಪ್ಪತ್ತೊಂದು ವರ್ಷದಲ್ಲಿ ನನ್ನ ಗಾಡಿಯಲ್ಲಿ ಕೂತವರು ಅಷ್ಟು ಹೆದರಿದ್ದು ನಾನು ನೋಡಿಲ್ಲ.

ಮೇನ್ ರೋಡಿಗೆ ಬಂದು, ಒಂದು ಶಾಲೆಯ ಮೈದಾನದ ಪಕ್ಕ ನಿಲ್ಲಿಸಿದೆ. ಮೇಲೆ ಮರ ಇಲ್ಲ, ಬಯಲು. ನ್ಯಾವಿಗೇಟರ್ ಆಫ್ ಮಾಡಿ ಆನ್ ಮಾಡಿದೆ. ನಲವತ್ತು ನಿಮಿಷ ಕಾದೆವು. "ಉಪಗ್ರಹ ಹುಡುಕಲಾಗುತ್ತಿದೆ" ಎಂದೇ ತೋರಿಸುತ್ತಿತ್ತು. ಆಗ ಮಗುವಿನ ಅಪ್ಪನಿಗೆ ನೆನಪಾಯಿತು. ಹೊರಡುವ ಮುಂಚೆ ಅವರು ತಮ್ಮ ಫೋನ್‌ನಲ್ಲಿ ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡಿದ್ದರು. ತೆಗೆದು ನೋಡಿದರೆ ನೀಲಿ ಚುಕ್ಕಿ ಸರಿಯಾಗಿ ನಾವು ನಿಂತ ಜಾಗದಲ್ಲೇ ಇತ್ತು. ಅವರ ಫೋನ್‌ಗೂ ನೆಟ್‌ವರ್ಕ್ ಇರಲಿಲ್ಲ. ಅದನ್ನೇ ನೋಡಿಕೊಂಡು ಬಸರೀಕಟ್ಟೆ ಮೇಲೆ ಹೋಗಿ ರಾತ್ರಿ ಹತ್ತೂಕಾಲಕ್ಕೆ ತಲುಪಿದೆವು. ಏಳೂವರೆಗೆ ತಲುಪಬೇಕಿತ್ತು. ಆ ಫೋನಿನ ಬೆಲೆ ಕೇಳಿದೆ. ಹನ್ನೊಂದು ಸಾವಿರವಂತೆ.

ಅವರು ಪೂರ್ತಿ ಬಾಡಿಗೆ ಕೊಡಲು ಬಂದರು. ನಾನು ಅರ್ಧ ಮಾತ್ರ ತೆಗೆದುಕೊಂಡೆ.

ಮಾರನೇ ದಿನ ನಿಮ್ಮ ಗ್ರಾಹಕ ಸೇವೆಯವರು ಮೊದಲು ಹೇಳಿದ್ದು, "ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಬರಲ್ಲ ಸರ್." ಇದು ತಪ್ಪು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಸಿಗ್ನಲ್ ಕಳಿಸುತ್ತಲೇ ಇರುತ್ತವೆ. ಸಾಧನ ಅದನ್ನು ಕೇಳಿಸಿಕೊಂಡರೆ ಸಾಕು, ವಾಪಸ್ ಏನೂ ಕಳಿಸಬೇಕಿಲ್ಲ, ಸಿಮ್ಮೂ ಬೇಕಿಲ್ಲ. ನಾಲ್ಕು ಉಪಗ್ರಹ ಸಿಕ್ಕರೆ ಜಾಗ ಗೊತ್ತಾಗುತ್ತದೆ. ನೆಟ್‌ವರ್ಕ್ ಇದ್ದರೆ ಯಾವ ಉಪಗ್ರಹ ಎಲ್ಲಿದೆ ಎಂಬ ವಿವರ ಇಂಟರ್‌ನೆಟ್‌ನಿಂದ ಬೇಗ ಸಿಗುತ್ತದೆ, ಅಷ್ಟೇ. ಇಲ್ಲದಿದ್ದರೆ ಅದೇ ವಿವರವನ್ನು ಉಪಗ್ರಹಗಳಿಂದಲೇ ಪಡೆಯಬೇಕು. ಪ್ರತಿ ಉಪಗ್ರಹ ತನ್ನ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಸಾಕು. ಮಗಳು ಇದನ್ನೆಲ್ಲ ನನಗೆ ಕೂರಿಸಿಕೊಂಡು ಬಿಡಿಸಿ ಹೇಳಿದಳು. ನಾವು ಬಯಲಲ್ಲಿ ಕಾದದ್ದು ನಲವತ್ತು ನಿಮಿಷ.

ಆಮೇಲೆ ಗಾಜಿಗೆ ಹಾಕಿದ ಫಿಲ್ಮ್‌ನಿಂದ ಹೀಗಾಗಿದೆ ಎಂದರು. ನನ್ನ ಗಾಡಿಗೆ ಫಿಲ್ಮ್ ಇಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಬೇಡ ಎಂದ ಮೇಲೆ ನಾನು ಯಾವ ಗಾಡಿಗೂ ಹಾಕಿಸಿಲ್ಲ. ಆಮೇಲೆ ಮಳೆ ಎಂದರು. ಅದೇ ಮಳೆಯಲ್ಲಿ, ಅದೇ ಗಾಡಿಯೊಳಗೆ, ಅದೇ ಗಾಜಿನ ಹಿಂದೆ ಆ ಫೋನ್ ಸರಿಯಾಗಿ ದಾರಿ ತೋರಿಸಿತಲ್ಲ?

ಫೋನ್‌ನಲ್ಲಿ ಮಾತಾಡಿ ಪ್ರಯೋಜನ ಇಲ್ಲ ಎಂದು ದೀಪಾವಳಿ ಮುಗಿದ ಮೇಲೆ, ಅಕ್ಟೋಬರ್ 27ರಂದು, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ನಿಮ್ಮ ಸರ್ವಿಸ್ ಸೆಂಟರ್‌ನಲ್ಲಿ ಕೂತೆ. ಅಲ್ಲಿದ್ದ ಹುಡುಗ ಒಳ್ಳೆಯವನು. ಸಾಧನ ಬಿಚ್ಚಿ ನೋಡಿ, ಇದ್ದದ್ದು ಇದ್ದ ಹಾಗೆ ಹೇಳಿದ. ಒಳಗೆ ಇರುವುದು ಹೆದ್ದಾರಿ ಮತ್ತು ದೊಡ್ಡ ಊರುಗಳ ಮ್ಯಾಪ್ ಮಾತ್ರ. ಸಣ್ಣ ರಸ್ತೆಗಳು ಫೋನಿನ ಹಾಟ್‌ಸ್ಪಾಟ್‌ನಿಂದ ಆಗಾಗ ಡೌನ್‌ಲೋಡ್ ಆಗಬೇಕು. ಆಂಟೆನಾ ಚಿಕ್ಕದು, ಅದನ್ನು ಸ್ಪೀಕರ್‌ನ ಲೋಹದ ತಟ್ಟೆಗೆ ಅಂಟಿಸಿದಂತೆ ಕೂರಿಸಿದ್ದಾರೆ, ಅದಕ್ಕೇ ಸಿಗ್ನಲ್ ಕ್ಷೀಣ. ನಾವಿಕ್ ಈ ಮಾಡೆಲ್‌ನಲ್ಲಿ ಇಲ್ಲವೇ ಇಲ್ಲ, ಜಿಪಿಎಸ್ ಮಾತ್ರ. ದಯವಿಟ್ಟು ಆ ಹುಡುಗನ ಮೇಲೆ ಕ್ರಮ ತೆಗೆದುಕೊಳ್ಳಬೇಡಿ. ಇಡೀ ಕಂಪನಿಯಲ್ಲಿ ನನಗೆ ನಿಜ ಹೇಳಿದವನು ಅವನೊಬ್ಬನೇ.

ಅಂದರೆ ಡಬ್ಬದ ಮೇಲಿನ ಮೂರು ಮಾತೂ ಸುಳ್ಳು. ನೆಟ್‌ವರ್ಕ್ ಇರುವ ಕಡೆ ಕೆಲಸ ಮಾಡುವ ಸಾಧನವನ್ನು ನೆಟ್‌ವರ್ಕ್ ಇಲ್ಲದ ಕಡೆಗೆ ಎಂದು ಮಾರಿದ್ದೀರಿ. ಬೆಂಗಳೂರಿನ ರಸ್ತೆಯಲ್ಲಿ ಇದು ತಪ್ಪಿದರೆ ಹತ್ತು ನಿಮಿಷ ಹೋಗುತ್ತದೆ, ಕೇಳಲು ಹತ್ತು ಜನ ಸಿಗುತ್ತಾರೆ. ನಮ್ಮ ಘಾಟಿಯಲ್ಲಿ, ರಾತ್ರಿ, ಮಳೆಯಲ್ಲಿ ತಪ್ಪಿದರೆ ಏನಾಗುತ್ತದೆ ಎಂದು ನೀವು ಒಮ್ಮೆ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತು ನೋಡಬೇಕು. ಇನ್ನೂ ಒಂದು ಮಾತು. ಜಾಗ ಗೊತ್ತಿಲ್ಲ ಎಂದಾಗ ಸಾಧನ ಸುಮ್ಮನಿರಬೇಕು. "ನನಗೆ ಸಿಗ್ನಲ್ ಇಲ್ಲ" ಎಂದು ಹೇಳಬೇಕು. ನಿಮ್ಮದು ಹಳೆ ಜಾಗ ಹಿಡಿದುಕೊಂಡು ತಿರುಗಿ ಎನ್ನುತ್ತದೆ. ದುಡ್ಡಿಗಿಂತ ನನಗೆ ಜಾಸ್ತಿ ಸಿಟ್ಟು ಬಂದಿರುವುದು ಇದಕ್ಕೇ.

ನವೆಂಬರ್ 3ರಂದು ಇದನ್ನೆಲ್ಲ ಇಮೇಲ್‌ನಲ್ಲಿ ಬರೆದಿದ್ದೆ. "ನಿಮ್ಮ ದೂರು ನಮಗೆ ಮುಖ್ಯ" ಎಂಬ ತಯಾರು ಉತ್ತರ ಬಂತು. ನಿನ್ನೆ ಬಂದ ಇನ್ನೊಂದರಲ್ಲಿ, ಮುಂದಿನ ಖರೀದಿಗೆ 500 ರೂಪಾಯಿ ರಿಯಾಯಿತಿ ಕೊಡುತ್ತೇವೆ ಎಂದಿದ್ದೀರಿ. ಅದು ನನಗೆ ಬೇಡ.

ನಾನು ಕೇಳುವುದು ಇಷ್ಟು. 9,499 ರೂಪಾಯಿ ಪೂರ್ತಿ ವಾಪಸ್ ಕೊಡಿ. ಸಾಧನವನ್ನು ನಿಮ್ಮ ಖರ್ಚಿನಲ್ಲಿ ತೆಗೆದುಕೊಂಡು ಹೋಗಿ. ಬೆಂಗಳೂರಿಗೆ ಹೋಗಿ ಬಂದ ಬಸ್ ಚಾರ್ಜ್ ಮತ್ತು ಅವತ್ತು ಬಿಟ್ಟುಕೊಟ್ಟ ಅರ್ಧ ಬಾಡಿಗೆ ಸೇರಿ 4,150 ರೂಪಾಯಿ ಕೊಡಿ, ಲೆಕ್ಕ ಲಗತ್ತಿಸಿದ್ದೇನೆ. ಆ ಮೂರು ಮಾತನ್ನು ವೆಬ್‌ಸೈಟ್‌ನಿಂದಲೂ ಡಬ್ಬದಿಂದಲೂ ತೆಗೆಯಿರಿ. ಈಗಾಗಲೇ ಕೊಂಡವರಿಗೆಲ್ಲ ಸಂದೇಶ ಕಳಿಸಿ, ಸಣ್ಣ ರಸ್ತೆಗಳಿಗೆ ಇಂಟರ್‌ನೆಟ್ ಬೇಕು ಎಂದು ತಿಳಿಸಿ. ಈ ಕೊನೆಯದಕ್ಕೆ ನಿಮಗೆ ಒಂದು ದಿನದ ಕೆಲಸ ಸಾಕು. ನಮ್ಮ ಸ್ಟ್ಯಾಂಡ್‌ನಲ್ಲೇ ಇನ್ನಿಬ್ಬರು ಹುಡುಗರು ನನ್ನ ಮಾತು ಕೇಳಿ ಇದನ್ನೇ ಕೊಂಡಿದ್ದಾರೆ. ಅವರಿಗೆ ನಾನೇ ಹೇಳಿದ್ದೇನೆ. ಬೇರೆ ಊರಿನವರಿಗೆ ಯಾರು ಹೇಳುತ್ತಾರೆ?

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು ನೀವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ನನ್ನ ಇಮೇಲ್‌ನಿಂದ ಲೆಕ್ಕ ಹಾಕಿದರೆ ಡಿಸೆಂಬರ್ 3ಕ್ಕೆ ತಿಂಗಳಾಗುತ್ತದೆ. ಅಷ್ಟರೊಳಗೆ ಹಣ ಬರದಿದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅದಕ್ಕೂ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದೊಳಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಸಾಗರದಿಂದ ಶಿವಮೊಗ್ಗಕ್ಕೆ ನಾನು ವಾರಕ್ಕೆರಡು ಸಲ ಹೋಗುತ್ತೇನೆ, ನನಗೆ ಅದು ಕಷ್ಟ ಅಲ್ಲ.

ನಿಮ್ಮ ಕಡೆಯಿಂದ ಹಿರಿಯರು ಯಾರಾದರೂ ಫೋನ್ ಮಾಡುವುದಾದರೆ ರಾತ್ರಿ ಎಂಟರ ಮೇಲೆ ಮಾಡಿ. ಹಗಲು ಗಾಡಿ ಮೇಲಿರುತ್ತೇನೆ, ಓಡಿಸುವಾಗ ಫೋನ್ ತೆಗೆಯುವುದಿಲ್ಲ. ಬಿಲ್, ಡಬ್ಬದ ಫೋಟೊ, ಸಿಗಂದೂರು ಸೇತುವೆ ಮೇಲೆ ಪಕ್ಕದಲ್ಲಿ ಕೂತವರು ತೆಗೆದ ವಿಡಿಯೊ, ಶಾಲೆ ಮೈದಾನದಲ್ಲಿ ನ್ಯಾವಿಗೇಟರ್ ಮತ್ತು ಫೋನ್ ಎರಡನ್ನೂ ಅಕ್ಕಪಕ್ಕ ಇಟ್ಟು ತೆಗೆದ ಫೋಟೊ, ಸರ್ವಿಸ್ ಸೆಂಟರ್‌ನ ಜಾಬ್ ಶೀಟ್, ಖರ್ಚಿನ ಲೆಕ್ಕ, ಎಲ್ಲವನ್ನೂ ಈ ಪತ್ರದ ಜೊತೆ ಇಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ,
ಟ್ಯಾಕ್ಸಿ ಚಾಲಕ ಮತ್ತು ಮಾಲೀಕ, ಸಾಗರ