ಕೈಬಿಟ್ಟವರಿಗೆ ಧನ್ಯವಾದಗಳು

ಈ ಸಲದ ಗಾಳಿಗಾಲ ಮುಗಿಯಿತು. ಪಟಗಳು ಒಣಗಿ ಚೀಲ ಸೇರಿವೆ, ಯಾರ ಮೂಳೆಯೂ ಮುರಿದಿಲ್ಲ. ದೊಡ್ಡ ಗಾಳಿಪಟದ ಎಳೆತಕ್ಕೆ ಹಲಗೆಯ ಮೇಲೆ ನಿಂತು ನೀರಲ್ಲಿ ಜಾರುವ ಕೈಟ್‌ಬೋರ್ಡಿಂಗ್ ಆಟವನ್ನು ಕಲಿಸುವ ನಾವು ಇದಕ್ಕಾಗಿ ಹಲವರಿಗೆ ಋಣಿಗಳು. ಮೊದಲ ವಂದನೆ ಮಾತ್ರ ಸರಿಯಾದ ಗಳಿಗೆಯಲ್ಲಿ ಕೈಬಿಟ್ಟವರಿಗೆ. ಬೇರೆ ಕಡೆ ಇದು ದೂರು, ನಮ್ಮಲ್ಲಿ ಮೆಚ್ಚುಗೆ.

ಗಾಳಿ ಎತ್ತತೊಡಗಿದಾಗ ಬಾರನ್ನು, ಅಂದರೆ ಪಟದ ಹಗ್ಗಗಳು ಸೇರುವ ಹಿಡಿಕೋಲನ್ನು, ಬಿಗಿಯಾಗಿ ಹಿಡಿದು ಎದೆಗೆ ಎಳೆದುಕೊಳ್ಳುವುದು ಯಾರಿಗಾದರೂ ಸಹಜ. ಹಾಗೆ ಎಳೆದಷ್ಟೂ ಹಿಂದಿನ ಹಗ್ಗಗಳು ಬಿಗಿದು ಪಟ ಗಾಳಿಗೆ ಇನ್ನಷ್ಟು ಮೈಯೊಡ್ಡುತ್ತದೆ. ಬಿಟ್ಟರೆ ಬಾರ್ ಮುಂದಕ್ಕೆ ಜಾರಿ ಎಳೆತದ ಬಹುಪಾಲು ಇಳಿಯುತ್ತದೆ. ಅದು ಸಾಲದಿದ್ದರೆ ಬಾರನ್ನು ಸೊಂಟಪಟ್ಟಿಗೆ ಸಿಕ್ಕಿಸುವ ಚಿಕನ್ ಲೂಪ್ ಎಂಬ ಬಳೆಯ ಮೇಲಿನ ಕ್ವಿಕ್ ರಿಲೀಸನ್ನು, ಅಂದರೆ ತಟ್ಟನೆ ಬಿಡಿಸುವ ಕೊಂಡಿಯನ್ನು, ತಳ್ಳಬೇಕು. ಪಟ ಮುಂದಿನ ಒಂದೇ ಹಗ್ಗಕ್ಕೆ ಜೋತು ಬಾವುಟದಂತೆ ಬಡಿದುಕೊಂಡು ಬೀಳುತ್ತದೆ. ಆಗಲೂ ಎಳೆದರೆ, ಪಟವನ್ನು ಮೈಗೆ ಕಟ್ಟಿದ ಲೀಶ್ ಎಂಬ ಪಟ್ಟಿಯಲ್ಲಿರುವ ಎರಡನೇ ರಿಲೀಸ್. ಇವೆಲ್ಲ ಆಗಬೇಕಾದದ್ದು ಕಾಲು ನೆಲದಲ್ಲಿರುವಾಗಲೇ. 5 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವ ವೇಗ ಗಂಟೆಗೆ ಸುಮಾರು 35 ಕಿ.ಮೀ. ಅಷ್ಟು ಮೇಲೆ ಹೋಗಿಬಿಟ್ಟವರು ಪಟವನ್ನು ನೆತ್ತಿಯ ಮೇಲೇ ಉಳಿಸಿಕೊಂಡು, ಜೋರಾಗಿ ತಿರುಗಿಸದೆ ಇಳಿದು, ಕಾಲು ತಾಗಿದ ಕೂಡಲೇ ರಿಲೀಸ್ ಮಾಡಬೇಕು.

ಪಟ ನೆತ್ತಿಯ ಮೇಲಿದ್ದರೆ ಕ್ಷೇಮ ಎಂಬ ನಂಬಿಕೆಯನ್ನು ಬಿಡಿಸುವುದೇ ನಮಗೆ ಅತಿ ಕಷ್ಟದ ಪಾಠ. ಗಾಳಿ ಅಡ್ಡಡ್ಡವಾಗಿ ಬೀಸುವವರೆಗೆ ಅಲ್ಲಿ ಎಳೆತ ಕಡಿಮೆ, ನಿಜ. ಸೆಕೆಂಡಿಗೆ 8 ಮೀಟರ್ ವೇಗದ ಗಾಳಿಗೆ ಕೆಳಗಿನಿಂದ 2 ಮೀಟರ್ ವೇಗದ ಮೇಲ್ಗಾಳಿ ಸೇರಿತು ಅನ್ನಿ. ಒಟ್ಟು ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದರೆ ಗಾಳಿ ಪಟವನ್ನು ಮುಟ್ಟುವ ಕೋನ ಏಕಾಏಕಿ 14 ಡಿಗ್ರಿಯಷ್ಟು ಏರುತ್ತದೆ. ಎತ್ತುವ ಬಲವೂ ಅದರೊಂದಿಗೆ ನೆಗೆಯುತ್ತದೆ, ಅದೂ ನೇರವಾಗಿ ಮೇಲಕ್ಕೆ. ಕೈಯಲ್ಲಿ ಹಿಡಿದ ಗಾಳಿಮಾಪಕ ಇದನ್ನು ತೋರಿಸುವುದಿಲ್ಲ: ಅದು ನಿಮ್ಮ ತಲೆಯ ಎತ್ತರದ ಅಡ್ಡಗಾಳಿಯನ್ನು ಅಳೆಯುತ್ತದೆ, ಪಟ ಇರುವುದು 20 ಮೀಟರಿಗೂ ಮೇಲೆ. ಹಾಗಾಗಿ ದಡದಲ್ಲಿ ಪಟವನ್ನು ನೀರಿನ ಕಡೆಗೆ ತಗ್ಗಿಸಿ ಹಿಡಿದು, ಹರಟೆಗೆ ನಿಲ್ಲದೆ ನೀರಿಗಿಳಿದ ಎಲ್ಲರಿಗೂ ವಂದನೆ.

ಮೇಲ್ಗಾಳಿ ಹುಟ್ಟುವ ಜಾಗ ಊಹಿಸಲಾರದ್ದೇನಲ್ಲ. ಮಧ್ಯಾಹ್ನ ಕಾದ ಮರಳಿನಿಂದ ಬಿಸಿಗಾಳಿ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ನೀರಿನಿಂದ ದಡಕ್ಕೆ ಬೀಸುವ ಗಾಳಿ ಹಿಂದಿನ ಕಟ್ಟಡಕ್ಕೋ ಮರಗಳ ಸಾಲಿಗೋ ಬಡಿದು ಮೇಲಕ್ಕೆ ತಿರುಗುತ್ತದೆ, ಅದರ ಎದುರು ನಿಂತವರನ್ನು ಎತ್ತಿ ಅದೇ ಗೋಡೆಗೆ ಒಯ್ಯುತ್ತದೆ. ಗಾಳಿ ಹೋಗುವ ದಿಕ್ಕಿನಲ್ಲಿ ಕನಿಷ್ಠ ಎರಡು ಹಗ್ಗದಳತೆ, ಸುಮಾರು 50 ಮೀಟರ್, ಖಾಲಿ ಇರಲೇಬೇಕು. ಗಾಳಿ ಒರಟಾಗಿದ್ದರೆ ಅದೂ ಸಾಲದು. ನಮ್ಮ ಮಾತಿಗೆ ಬೇಸರಪಡದೆ ಜಾಗ ಬಿಟ್ಟುಕೊಟ್ಟ ವಾಯುವಿಹಾರಿಗಳೇ, ಆ ಖಾಲಿ ಜಾಗ ನಿಮ್ಮ ಉಪಕಾರ.

ಮೋಡ ಕಂಡು ಆಟ ನಿಲ್ಲಿಸಿದವರಿಗೆ ಬೇರೆಯೇ ನಮಸ್ಕಾರ. ಗುಡುಗುಮೋಡದಿಂದ ಕೆಳಗೆ ಸುರಿದ ತಣ್ಣನೆಯ ಗಾಳಿ ಮಳೆಗಿಂತ ಎಷ್ಟೋ ಕಿಲೋಮೀಟರ್ ಮುಂದೆ ಓಡಿ ಬರುತ್ತದೆ, ತನ್ನ ಮುಂದಿರುವ ಬೆಚ್ಚನೆಯ ಗಾಳಿಯನ್ನು ಎತ್ತಿ ಎಸೆಯುತ್ತದೆ. ಕೆಲವೊಮ್ಮೆ ಅದಕ್ಕೂ ಮುಂಚೆ ಗಾಳಿ ಸುಮ್ಮನಾಗುತ್ತದೆ. ಅದನ್ನು ಬಿಡುವು ಅಂದುಕೊಂಡು ದೊಡ್ಡ ಪಟ ಬಿಚ್ಚಿದವರಿಗೆ ದೇವರೇ ಗತಿ. 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಗಾಳಿ 30 ಆದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ದಿಗಂತ ಕಪ್ಪಾದಾಗಲೇ, ಗಾಳಿ ತಣ್ಣಗಾಗುವ ಮೊದಲೇ, ಪಟ ಇಳಿಸಿ ಅದರೊಳಗಿನ ಗಾಳಿ ತೆಗೆದ ನಿಮ್ಮ ಅವಸರ ಸರಿಯಾಗಿತ್ತು. ಮಳೆ ಬಾರದೆ ಹೋದ ದಿನಗಳಲ್ಲೂ ಸರಿಯಾಗಿತ್ತು.

ಪಟ ಹಿಡಿದು ಬಿಡುವ ಸಹಾಯಕರ ಕೆಲಸ ಹೊರಗಿನವರಿಗೆ ಕಾಣುವುದೇ ಇಲ್ಲ. ಹಗ್ಗ ತೊಡಕಾಗಿದೆಯೇ ಎಂದು ಬಾರ್‌ವರೆಗೂ ಕಣ್ಣಲ್ಲೇ ಅಳೆದಿರಿ. ಹೆಬ್ಬೆರಳಿನ ಸನ್ನೆ ಬರುವ ತನಕ ಬಿಡಲಿಲ್ಲ; ಬಿಟ್ಟಾಗಲೂ ಮೇಲಕ್ಕೆ ಎಸೆಯಲಿಲ್ಲ. ಎಳೆತಕ್ಕೆ ಸಿಕ್ಕಿದ ಹಗ್ಗ ಬೆರಳನ್ನೇ ಕೊಯ್ಯಬಲ್ಲದು ಎಂದು ತಿಳಿದು ಹಗ್ಗಕ್ಕೆ ಯಾರೂ ಕೈ ಹಾಕಲಿಲ್ಲ.

1984ರಲ್ಲಿ ಗಾಳಿ ತುಂಬುವ ಪಟಕ್ಕೆ ಪೇಟೆಂಟ್ ಅರ್ಜಿ ಹಾಕಿದ ಫ್ರಾನ್ಸಿನ ಲೆಗೆನ್ಯೂ ಸಹೋದರರಿಗೂ, ರಿಲೀಸ್ ವ್ಯವಸ್ಥೆಗೆಂದೇ 2020ರಲ್ಲಿ ಐಎಸ್‌ಒ 21853 ಎಂಬ ಅಂತರರಾಷ್ಟ್ರೀಯ ಮಾನದಂಡ ರೂಪಿಸಿದವರಿಗೂ ದೂರದಿಂದಲೇ ಕೃತಜ್ಞತೆ. ಆದರೆ ಮಾನದಂಡ ದಾಟಿದ ರಿಲೀಸನ್ನೂ ನಾಲ್ಕು ಕಾಳು ಮರಳು ಕಚ್ಚಿಹಿಡಿದು ನಿಲ್ಲಿಸಬಲ್ಲದು. ಪ್ರತಿ ಸಂಜೆ ಅದನ್ನು ಸಿಹಿನೀರಲ್ಲಿ ತೊಳೆದು, ಪ್ರತಿ ಬೆಳಿಗ್ಗೆ ಪಟ ಏರಿಸುವ ಮೊದಲು ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿದ ಕೈಗಳೇ, ಈ ಕಾಲದ ಕೊನೆಯ ನಮಸ್ಕಾರ ನಿಮಗೆ.